ನೂರು ವರ್ಷದ ಪೀಪಾಯಿ: ಸೆಪೆಲ್ಟ್ ಮನೆತನದ ಇತಿಹಾಸದಿಂದ ನಾವು ಕಲಿತ ಪಾಠ

ಸಮ್ಮೇಳನದ ಸ್ಮರಣ ಸಂಚಿಕೆಗೆ ಇತಿಹಾಸ ವಿಷಯಕವಾದ ಒಂದು ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಮ್ಮ ಮನಸ್ಸಿಗೆ ಮೊದಲು ಬಂದ ವಿಷಯವನ್ನು ಹೇಳಲು ತುಸು ಸಂಕೋಚವಾಯಿತು. ಅದು ಆಸ್ಟ್ರೇಲಿಯಾ ದೇಶದ ಒಂದು ವೈನ್ ತಯಾರಿಕೆಯ ಮನೆತನದ ಚರಿತ್ರೆ. ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದ ಮೇಷ್ಟ್ರಿಗೆ ಮದ್ಯದ ಗೊಡವೆ ಏಕೆ ಎಂದು ಓದುಗ ಬಾಂಧವರು ಹುಬ್ಬೇರಿಸಬಹುದು. ಮದ್ಯದ ಮಹಿಮೆಯನ್ನು ಹಾಡುವುದು ನಮ್ಮ ಉದ್ದೇಶವಲ್ಲ. ನಾವು ಅದನ್ನು ಮುಟ್ಟಿದವರೂ ಅಲ್ಲ. ಆದರೆ ಆ ಮನೆತನದ ಕಥೆಯೊಳಗೆ ಒಂದು ಭಾಷೆಯ ಕಥೆ ಅಡಗಿದೆ. ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡಿಗರಾದ ನಾವು ಅದನ್ನು ತಿಳಿದಿರುವುದು ಒಳ್ಳೆಯದೆಂದು ತೋರಿದ್ದರಿಂದ ಈ ಬರಹ.

ನಿವೃತ್ತಿಯ ಅನಂತರ ನಾವು ದಂಪತಿಗಳು ಅಡಿಲೇಡ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ಭಾನುವಾರ ಅಳಿಯಂದಿರು ಬರೋಸಾ ಕಣಿವೆಯನ್ನು ತೋರಿಸಲು ಕರೆದೊಯ್ದರು. ನಗರದಿಂದ ಈಶಾನ್ಯಕ್ಕೆ ಸುಮಾರು 70 ಕಿಲೋಮೀಟರ್ ದಾರಿ. ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ, ನಡುನಡುವೆ ಚೂಪು ಗೋಪುರದ ಚರ್ಚುಗಳು. ಒಂದು ಕಡೆ ರಸ್ತೆಯ ಎರಡೂ ಬದಿಗೆ ಸಾಲಾಗಿ ಎತ್ತರದ ಖರ್ಜೂರ ಜಾತಿಯ ಮರಗಳು ಆರಂಭವಾದವು. ಮೈಲಿಗಟ್ಟಲೆ ಸಾಗಿದರೂ ಆ ಸಾಲು ಮುಗಿಯಲಿಲ್ಲ. ಅದರ ಕೊನೆಯಲ್ಲಿ ಸಿಕ್ಕಿದ ಊರೇ ಸೆಪೆಲ್ಟ್ಸ್‌ಫೀಲ್ಡ್. ಒಂದು ಮನೆತನದ ಹೆಸರನ್ನೇ ಊರೂ ಹೊತ್ತುಕೊಂಡಿದೆ.

ಸೈಲೀಷಿಯಾದಿಂದ ಬರೋಸಾಕ್ಕೆ

ಈ ಮನೆತನದ ಮೂಲಪುರುಷ ಜೋಸೆಫ್ ಅರ್ನ್‌ಸ್ಟ್ ಸೆಪೆಲ್ಟ್. 1813ರಲ್ಲಿ ಜನಿಸಿದ ಈತ ಅಂದಿನ ಪ್ರಷ್ಯಾ ರಾಜ್ಯಕ್ಕೆ ಸೇರಿದ್ದ ಸೈಲೀಷಿಯಾ ಪ್ರಾಂತದವನು. ಹೊಗೆಸೊಪ್ಪು, ನಸ್ಯ, ಸಿಹಿಮದ್ಯಗಳ ವ್ಯಾಪಾರ ಅವನದು. 1848ರಲ್ಲಿ ಜರ್ಮನ್ ನಾಡುಗಳಲ್ಲೆಲ್ಲ ಕ್ರಾಂತಿಯ ಗಲಭೆಗಳಾದವು, ವ್ಯಾಪಾರ ಕುಸಿಯಿತು. ಮರುವರ್ಷ ಆತ ಹೆಂಡತಿ ಜೋಹಾನಾ ಶಾರ್ಲೋಟ್ ಮತ್ತು ಮಕ್ಕಳೊಂದಿಗೆ ಹಡಗನ್ನೇರಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಹೊರಟ.

ಹೋದಲ್ಲಿ ಅವನು ಪರಕೀಯನಾಗಿರಲಿಲ್ಲ. ಅವನಿಗಿಂತ ಹತ್ತು ವರ್ಷ ಮೊದಲೇ ಅದೇ ಪ್ರಷ್ಯಾದಿಂದ ಲೂಥರನ್ ಪಂಥದ ರೈತರು ಹಾಗೂ ಕುಶಲಕರ್ಮಿಗಳು ಅಲ್ಲಿಗೆ ಬಂದು ನೆಲೆಸಿದ್ದರು. ಪ್ರಷ್ಯಾದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ತನ್ನ ರಾಜ್ಯದ ಎರಡು ಪಂಥಗಳನ್ನು ಒಂದುಗೂಡಿಸಿ ಹೊಸ ಪೂಜಾಕ್ರಮವನ್ನು ಹೇರಿದ್ದನು. ಹಿರಿಯರ ಪದ್ಧತಿಯನ್ನು ಬಿಡಲೊಪ್ಪದ ಸಭೆಗಳು ಪಾದ್ರಿ ಆಗಸ್ಟ್ ಕಾವೆಲ್ ಅವರ ನೇತೃತ್ವದಲ್ಲಿ 1838ರಲ್ಲಿ ಸಮುದ್ರ ದಾಟಿದವು. ಇಂಗ್ಲೆಂಡಿನ ವರ್ತಕ ಜಾರ್ಜ್ ಫೈಫ್ ಆಂಗಸ್ ಅವರಿಗೆ ಹಣಕಾಸಿನ ನೆರವಿತ್ತನು. ಅವರು ಕಟ್ಟಿದ ಮೊದಲ ಹಳ್ಳಿ ಕ್ಲೆಮ್‌ಜಿಗ್. ಬರೋಸಾದ ಮೊದಲ ಹಳ್ಳಿ 1842ರ ಬೆಥಾನಿಯನ್. ಊರು ಕಟ್ಟಿದ ಕಡೆಯಲ್ಲೆಲ್ಲ ಅವರು ಚರ್ಚನ್ನೂ ಅದರ ಮಗ್ಗುಲಲ್ಲಿ ಶಾಲೆಯನ್ನೂ ಕಟ್ಟಿದರು. ಪಾಠ ನಡೆಯುತ್ತಿದ್ದುದು ಜರ್ಮನ್ ಭಾಷೆಯಲ್ಲಿ.

ಆ ನೆಲ ಖಾಲಿಯಾಗಿ ಬಿದ್ದಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಪೆರಾಮಾಂಕ್, ಙಡ್ಜುರಿ, ಕೌರ್ನಾ ಎಂಬ ಮೂಲನಿವಾಸಿ ಜನಾಂಗಗಳು ಸಾವಿರಾರು ವರ್ಷಗಳಿಂದ ಬಾಳಿದ್ದ ಪ್ರದೇಶವದು. ಬ್ರಿಟಿಷರ ವಸಾಹತು ಅವರನ್ನು ಬದಿಗೆ ಸರಿಸಿತು. ಆಶ್ರಯ ಅರಸಿ ಬಂದವರೂ ಅರಿತೋ ಅರಿಯದೆಯೋ ಮತ್ತೊಬ್ಬರ ಮನೆಯಂಗಳದಲ್ಲಿಯೇ ಬಿಡಾರ ಹೂಡಿದರು.

ಜೋಸೆಫ್ ಸೆಪೆಲ್ಟ್ ಮೊದಲು ಹೊಗೆಸೊಪ್ಪನ್ನೇ ಬೆಳೆಯಲು ಯತ್ನಿಸಿದ, ನೆಲ ಒಗ್ಗಲಿಲ್ಲ. 1851ರಲ್ಲಿ ತಾನುಂಡಾ ಊರಿನ ಸಮೀಪ 158 ಎಕರೆ ಭೂಮಿ ಕೊಂಡು ಗೋಧಿ ಬಿತ್ತಿದ. ಅದೇ ವರ್ಷ ನೆರೆಯ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿ ಜನರು ಅತ್ತ ಮುಗಿಬಿದ್ದರು. ಅವರ ಊಟಕ್ಕೆ ಗೋಧಿ ಬೇಕಾಯಿತು. ಹೀಗೆ ಕೈಗೆ ಬಂದ ಹಣದಿಂದ ದ್ರಾಕ್ಷಿ ನೆಟ್ಟ. ಮನೆಯೊಡತಿ ಹಾಲು ಬೆಣ್ಣೆಗಳನ್ನಿಡುತ್ತಿದ್ದ ಸಣ್ಣ ಕೊಠಡಿಯಲ್ಲಿಯೇ ಮೊದಲ ವೈನ್ ತಯಾರಾಯಿತೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. 1867ರಲ್ಲಿ ದೊಡ್ಡ ಕಟ್ಟಡದ ಕೆಲಸವನ್ನು ಆರಂಭಿಸಿದ ಜೋಸೆಫ್, ಅದು ಮುಗಿಯುವುದನ್ನು ನೋಡಲಿಲ್ಲ. 1868ರಲ್ಲಿ ತೀರಿಕೊಂಡನು.

ತಾನು ಕುಡಿಯದ ವೈನ್

ತಂದೆಯ ಹೊಣೆಯನ್ನು ಹೊತ್ತವನು ಹಿರಿಯ ಮಗ ಬೆನ್ನೊ. ಆಗ ಅವನಿಗೆ ಇಪ್ಪತ್ಮೂರು ವರ್ಷವೂ ತುಂಬಿರಲಿಲ್ಲ. ಈ ಮನೆತನವನ್ನು ದೇಶವಿಖ್ಯಾತವಾಗಿಸಿದವನು ಅವನೇ. 1888ರಲ್ಲಿ ಗುಡ್ಡದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಅವನು ಕಟ್ಟಿಸಿದ ಕಾರ್ಖಾನೆ ಬುದ್ಧಿವಂತಿಕೆಯ ಕೆಲಸ. ಹಣ್ಣನ್ನು ತುದಿಗೆ ಸಾಗಿಸಿದರಾಯಿತು. ಅಲ್ಲಿಂದ ಕೆಳಗೆ ಅರೆಯುವುದು, ಹುಳಿಯಿಸುವುದು, ಹಿಂಡುವುದು ಎಲ್ಲವೂ ಹಂತಹಂತವಾಗಿ. ರಸವು ಪಂಪಿನ ಹಂಗಿಲ್ಲದೆ ತನ್ನ ಭಾರದಿಂದಲೇ ಇಳಿದು ಬರುತ್ತದೆ. ನಮ್ಮ ಗುಡ್ಡಗಳ ಸುರಂಗದ ನೀರು ತಾನಾಗಿ ತೋಟಕ್ಕೆ ಹರಿದು ಬರುವುದನ್ನು ಕಂಡವರಿಗೆ ಈ ಉಪಾಯ ಒಡನೆ ಅರ್ಥವಾಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಸೆಪೆಲ್ಟ್ಸ್‌ಫೀಲ್ಡ್ ಆಸ್ಟ್ರೇಲಿಯಾದ ಅತಿ ದೊಡ್ಡ ವೈನ್ ಕಾರ್ಖಾನೆಗಳ ಸಾಲಿನಲ್ಲಿ ಮುಂದೆ ನಿಂತಿತ್ತು.

ಆದರೆ ಬೆನ್ನೊನನ್ನು ಇಂದಿಗೂ ಜನ ನೆನೆಯುವುದು ಬೇರೊಂದು ಕೆಲಸಕ್ಕಾಗಿ. 1878ರಲ್ಲಿ ಕಲ್ಲಿನ ದೊಡ್ಡ ಉಗ್ರಾಣ ಪೂರ್ತಿಯಾಯಿತು. ಅದರ ನೆನಪಿಗೆಂದು ಅವನು ಆ ವರ್ಷದ ಅತ್ಯುತ್ತಮ ವೈನನ್ನು ಸುಮಾರು 500 ಲೀಟರ್ ಹಿಡಿಯುವ ಓಕ್ ಮರದ ಪೀಪಾಯಿಗೆ ತುಂಬಿಸಿ, ಇದನ್ನು ನೂರು ವರ್ಷ ತೆರೆಯಬಾರದೆಂದು ಕಟ್ಟಪ್ಪಣೆ ಮಾಡಿದನು. ಮರುವರ್ಷ ಇನ್ನೊಂದು, ಅದರ ಮರುವರ್ಷ ಮತ್ತೊಂದು. ಅಂದಿನಿಂದ ಒಂದು ವರ್ಷವೂ ತಪ್ಪದೆ ಈ ಪದ್ಧತಿ ನಡೆದು ಬಂದಿದೆ.

ಇದರ ಮರ್ಮವನ್ನು ಎರಡು ಮಾತುಗಳಲ್ಲಿ ಹೇಳಬಹುದು. ದ್ರಾಕ್ಷಿಯ ರಸ ಹುಳಿಯುತ್ತಿರುವಾಗ ನಡುವೆಯೇ ಅದಕ್ಕೆ ತೀಕ್ಷ್ಣವಾದ ಮದ್ಯಸಾರವನ್ನು ಬೆರೆಸಿದರೆ ಹುಳಿಯುವಿಕೆ ನಿಂತು ಹಣ್ಣಿನ ಸಿಹಿ ಉಳಿಯುತ್ತದೆ. ಇಂಥ ವೈನ್ ಬೇಗ ಕೆಡದು. ಪೀಪಾಯಿಯ ಮರದ ಸೂಕ್ಷ್ಮ ರಂಧ್ರಗಳಿಂದ ಗಾಳಿ ಒಳಗೆ ಸುಳಿಯುತ್ತದೆ, ದ್ರವ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೊರಗೆ ಹೋಗುತ್ತದೆ. ಹಾಗೆ ಹೋಗುವುದನ್ನು ಅಲ್ಲಿಯವರು ದೇವದೂತರ ಪಾಲು ಎನ್ನುತ್ತಾರೆ. ನೂರು ವರ್ಷ ಕಳೆಯುವಾಗ ಬಹುಪಾಲು ದೇವದೂತರಿಗೆ ಸಂದು, ಮಿಕ್ಕಿದ್ದು ಬೆಲ್ಲದ ಪಾಕದಂತೆ ಕಪ್ಪಾಗಿ ಗಟ್ಟಿಯಾಗಿರುತ್ತದೆ.

ಬೆನ್ನೊ 1931ರಲ್ಲಿ ನಿಧನನಾದನು. ತಾನು ಮುಚ್ಚಿಟ್ಟ ಮೊದಲ ಪೀಪಾಯಿಯ ರುಚಿ ಅವನಿಗೆ ತಿಳಿಯಲಿಲ್ಲ. ತಿಳಿಯದೆಂಬುದು ಅವನಿಗೆ ಗೊತ್ತೇ ಇತ್ತು. ಅದನ್ನು ತೆರೆದದ್ದು 1978ರಲ್ಲಿ. ಆ ಬಳಿಕ ವರ್ಷಕ್ಕೊಂದರಂತೆ ತೆರೆಯುತ್ತ ಬಂದಿದ್ದಾರೆ. ಒಂದೇ ಫಸಲಿನ ನೂರು ವರ್ಷದ ವೈನನ್ನು ಪ್ರತಿ ವರ್ಷವೂ ಹೊರತರುವ ಮನೆ ಪ್ರಪಂಚದಲ್ಲಿ ತಮ್ಮದೊಂದೇ ಎಂಬುದು ಅವರ ಹೆಮ್ಮೆ.

ಆ ಉಗ್ರಾಣದ ಮಬ್ಬು ಬೆಳಕಿನಲ್ಲಿ ನಾವು ನಿಂತೆವು. ಒಂದೊಂದು ಪೀಪಾಯಿಯ ಮೇಲೂ ಒಂದೊಂದು ಇಸವಿ. ಬಂದವರಿಗೆ ಅವರವರು ಹುಟ್ಟಿದ ವರ್ಷದ ಪೀಪಾಯಿಯಿಂದ ಗುಟುಕು ಕೊಡುವುದು ಅಲ್ಲಿಯ ಉಪಚಾರ. ನಾವು ಗ್ಲಾಸನ್ನು ಮೂಗಿನ ಬಳಿ ಹಿಡಿದು ಅಳಿಯಂದಿರ ಕೈಗೆ ದಾಟಿಸಿದೆವು. ಒಣದ್ರಾಕ್ಷಿ, ಕಾಯಿಸಿದ ಬೆಲ್ಲ, ಹಳೆಯ ಮರದ ಪೆಟ್ಟಿಗೆ ಇವುಗಳ ವಾಸನೆ ಕೂಡಿದಂತಿತ್ತು. ನಮ್ಮ ಅಜ್ಜಿ ಅಟ್ಟದ ಕತ್ತಲೆಯಲ್ಲಿ ಉಪ್ಪಿನಕಾಯಿಯ ಭರಣಿಗಳನ್ನು ಬಟ್ಟೆ ಕಟ್ಟಿ ಇಡುತ್ತಿದ್ದುದು ನೆನಪಾಯಿತು. ಆಗ ನಮ್ಮ ಕಣ್ಣು 1917 ಎಂದು ಬರೆದಿದ್ದ ಪೀಪಾಯಿಯ ಮೇಲೆ ಬಿತ್ತು. ಅದನ್ನು ತೆರೆಯುವ ಸರದಿ ಹತ್ತಿರ ಬಂದಿತ್ತು.

1917: ಮುಚ್ಚಿದ ಶಾಲೆಗಳು

ಮೊದಲನೆಯ ಮಹಾಯುದ್ಧ 1914ರಲ್ಲಿ ಆರಂಭವಾದಾಗ ಬರೋಸಾದ ಜರ್ಮನರು ಅಲ್ಲಿ ಮುಕ್ಕಾಲು ಶತಮಾನ ಬಾಳಿದ್ದರು. ಅವರು ಬ್ರಿಟಿಷ್ ಪ್ರಜೆಗಳು. ಮನೆಯ ಮಾತು ಮಾತ್ರ ಜರ್ಮನ್. ಒಂದೇ ಇರುಳಿನಲ್ಲಿ ಆ ಮಾತೇ ಅಪರಾಧವಾಯಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಿಯೇ ಹುಟ್ಟಿ ಅಲ್ಲಿಯ ಅಟಾರ್ನಿ ಜನರಲ್ ಆಗಿದ್ದ ಹರ್ಮನ್ ಹೊಂಬರ್ಗ್ ಅವರು ವಂಶದ ಕಾರಣಕ್ಕೆ ಸಂಶಯಕ್ಕೊಳಗಾಗಿ 1915ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಜರ್ಮನ್ ಪತ್ರಿಕೆಗಳು ನಿಂತವು. 1917ರ ಜುಲೈ 1ರಂದು ದಕ್ಷಿಣ ಆಸ್ಟ್ರೇಲಿಯಾದ 49 ಲೂಥರನ್ ಶಾಲೆಗಳನ್ನು ಸರಕಾರ ಕಾನೂನಿನ ಬಲದಿಂದ ಮುಚ್ಚಿಸಿತು.

ನಾವು ಶಾಲೆಯೊಂದರ ಬೀಗದ ಕೈಯನ್ನು ಹಲವು ವರ್ಷ ಸೊಂಟದಲ್ಲಿಟ್ಟುಕೊಂಡವರು. ಒಂದು ಬೆಳಗ್ಗೆ ಬೀಗ ತೆರೆಯಬಾರದೆಂಬ ಆಜ್ಞೆ ಬಂದರೆ ಮುಖ್ಯೋಪಾಧ್ಯಾಯನ ಎದೆಯಲ್ಲಿ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷದ ನಾಮಕರಣ ಕಾಯಿದೆಯ ಮೇರೆಗೆ 69 ಸ್ಥಳಗಳ ಜರ್ಮನ್ ಹೆಸರುಗಳು ಅಳಿದವು. ಕ್ಲೆಮ್‌ಜಿಗ್ ಊರು ಗಾಜಾ ಆಯಿತು, ಹಾನ್‌ಡಾರ್ಫ್ ಆಂಬಲ್‌ಸೈಡ್ ಆಯಿತು. ಕೈಸರ್‌ಸ್ಟೂಲ್ ಬೆಟ್ಟಕ್ಕೆ ಬ್ರಿಟಿಷ್ ಸೇನಾನಿ ಕಿಚನರನ ಹೆಸರು ಬಂತು. ಸೆಪೆಲ್ಟ್ಸ್‌ಫೀಲ್ಡಿನ ಪಕ್ಕದ ಗ್ನಾಡೆನ್‌ಫ್ರೈ ಮರಾನಂಗಾ ಆಯಿತು. ದೇವರ ಕೃಪೆಯಿಂದ ಬಿಡುಗಡೆ ಹೊಂದಿದ ಊರು ಎಂಬ ಭಾವದಿಂದ ಹಿರಿಯರು ಇಟ್ಟ ಹೆಸರು ಅದು. ಹೊಸ ಹೆಸರುಗಳಲ್ಲಿ ಮರಾನಂಗಾದಂತಹ ಕೆಲವು ಮೂಲನಿವಾಸಿಗಳ ಮಾತುಗಳಿಂದ ಎತ್ತಿಕೊಂಡವು. ನೆಲ ಕಳೆದುಕೊಂಡವರ ನುಡಿಯನ್ನು ಇನ್ನೊಬ್ಬರ ನುಡಿಯನ್ನು ಅಳಿಸಲು ಬಳಸಿದ್ದು ಇತಿಹಾಸದ ವಿಡಂಬನೆ.

ಇಲ್ಲಿ ನಮ್ಮ ನಾಡಿನ ಒಂದು ನಂಟನ್ನೂ ನೆನೆಯಬೇಕು. ಕಾವೆಲ್ ಪಾದ್ರಿಯ ಜನ ಬರೋಸಾದಲ್ಲಿ ಬಳ್ಳಿ ನೆಡುತ್ತಿದ್ದ ಕಾಲದಲ್ಲಿಯೇ ಬಾಸೆಲ್ ಮಿಷನ್ನಿನ ಜರ್ಮನರು ನಮ್ಮ ಕರಾವಳಿಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರತಂದದ್ದು 1843ರ ಜುಲೈ 1ರಂದು. ನಮಗೆ ಉತ್ತರದ ಮಂಗಳೂರಿನಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ನಮಗೆ ದಕ್ಷಿಣದ ತಲಶ್ಶೇರಿಯಲ್ಲಿ ನೆಲೆಸಿದ್ದ ಗುಂಡರ್ಟ್ ಅವರು ಮಲಯಾಳಕ್ಕೆ ನಿಘಂಟು ಕೊಟ್ಟರು. ಅದೇ ಮಹಾಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಜರ್ಮನರನ್ನೂ ಬಂಧನದಲ್ಲಿಟ್ಟು ಅವರ ದೇಶಕ್ಕೆ ಕಳುಹಿಸಲಾಯಿತು. ಅವರ ಹೆಂಚಿನ ಕಾರ್ಖಾನೆಗಳು ಬೇರೆಯವರ ಕೈಸೇರಿದವು. ನಾವು ಕನ್ನಡ ಪತ್ರಿಕಾ ದಿನವೆಂದು ಆಚರಿಸುವ ಜುಲೈ 1ರಂದೇ, 74 ವರ್ಷಗಳ ತರುವಾಯ, ಬರೋಸಾದ ಜರ್ಮನ್ ಶಾಲೆಗಳ ಬಾಗಿಲು ಮುಚ್ಚಿತು. ನಮ್ಮ ನುಡಿಗೆ ಅಚ್ಚಿನ ಬಾಗಿಲು ತೆರೆದವರ ನುಡಿ ಕಡಲಾಚೆ ಬಾಗಿಲ ಹೊರಗೆ ನಿಂತಿತು.

ಮರ ಉಳಿಯಿತು, ಪೀಪಾಯಿ ಉಳಿಯಿತು

ಯುದ್ಧ ಮುಗಿದು ಹನ್ನೊಂದು ವರ್ಷಕ್ಕೆ ಜಗತ್ತನ್ನೇ ಆರ್ಥಿಕ ಕುಸಿತ ಬಡಿಯಿತು. ಸೆಪೆಲ್ಟ್ ಮನೆತನ ಕೆಲಸಗಾರರನ್ನು ಬೀದಿಗೆ ಅಟ್ಟಲಿಲ್ಲ. ಕಾರ್ಖಾನೆಯಲ್ಲಿ ಕೆಲಸವಿಲ್ಲದಿದ್ದಾಗ ಅವರ ಕೈಯಿಂದ ರಸ್ತೆಯುದ್ದಕ್ಕೂ ಮರ ನೆಡಿಸಿ ಅನ್ನಕ್ಕೆ ದಾರಿಮಾಡಿತು. ನಾವು ಕಂಡ ಖರ್ಜೂರ ಜಾತಿಯ ಸಾಲು ಅದೇ; 2000ಕ್ಕೂ ಮೀರಿ ಮರಗಳು. ಅವುಗಳಿಂದ ಮಾರಾಟದ ಫಸಲೇನೂ ಬರುವುದಿಲ್ಲ. ಆದರೂ ಆ ಕಣಿವೆಯಲ್ಲಿ ಅವುಗಳಷ್ಟು ಗೌರವ ಪಡೆದ ಮರ ಬೇರಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ಕುಟುಂಬದ ಉದ್ಯಮ 1970ರಲ್ಲಿ ಷೇರುಪೇಟೆಗೆ ಹೋಯಿತು. 1980ರ ದಶಕದಲ್ಲಿ ಒಂದು ದೊಡ್ಡ ಬಿಯರ್ ಕಂಪನಿಯ ಪಾಲಾಯಿತು. ಬೆನ್ನೊನ ಇಳಿಜಾರಿನ ಕಾರ್ಖಾನೆ ಕೆಲಕಾಲ ಪಾಳುಬಿತ್ತು. 2007ರಲ್ಲಿ ಮತ್ತೆ ಕೈಬದಲಾಗಿ, ಹಿಂದೆ ಸೆಪೆಲ್ಟ್ ಸಂಸ್ಥೆಯಲ್ಲೇ ದುಡಿದಿದ್ದ ವಾರೆನ್ ರಾಂಡಾಲ್ ಅವರ ಆಡಳಿತದಲ್ಲಿ 2010ರಲ್ಲಿ ಆ ಕಾರ್ಖಾನೆ ಪುನಃ ನಡೆಯತೊಡಗಿತು. ಒಡೆಯರು ಇಷ್ಟು ಬಾರಿ ಬದಲಾದರೂ ವರ್ಷಕ್ಕೊಂದು ಪೀಪಾಯಿಯ ಕಟ್ಟಳೆಯನ್ನು ಯಾರೂ ಮುರಿಯಲಿಲ್ಲ. ರಕ್ತಸಂಬಂಧ ಕಡಿದ ಮೇಲೂ ಒಂದು ಒಳ್ಳೆಯ ಪದ್ಧತಿ ಬಾಳಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಭಾಷೆಯ ಗತಿ ಏನಾಯಿತು? ಹಾನ್‌ಡಾರ್ಫ್, ಕ್ಲೆಮ್‌ಜಿಗ್, ಲೋಬೆತಾಲ್ ಊರುಗಳಿಗೆ 1935ರಲ್ಲಿ ಹಳೆಯ ಹೆಸರು ಮರಳಿತು. ಕೈಸರ್‌ಸ್ಟೂಲ್ ಬೆಟ್ಟಕ್ಕೆ 1975ರಲ್ಲಿ. ಮರಾನಂಗಾದ ಚರ್ಚು ಇಂದಿಗೂ ಗ್ನಾಡೆನ್‌ಫ್ರೈ ಎಂಬ ಹೆಸರನ್ನು ಬಿಟ್ಟಿಲ್ಲ. 1861ರ ಗಾಯಕ ಮಂಡಳಿ ತಾನುಂಡಾದಲ್ಲಿ ಈಗಲೂ ಹಾಡುತ್ತದೆ. ಅಂಗಡಿಗಳಲ್ಲಿ ಜರ್ಮನ್ ಹೆಸರಿನ ರೊಟ್ಟಿ, ಸಿಹಿತಿಂಡಿಗಳು ಸಿಗುತ್ತವೆ. ಹೆಸರು ಬಂತು, ಹಾಡು ಉಳಿಯಿತು, ತಿಂಡಿಯೂ ಉಳಿಯಿತು. ಮಾತು ಮಾತ್ರ ಹಿಂದಿರುಗಲಿಲ್ಲ. ಬರೋಸಾ ಡಾಯ್ಚ್ ಎಂದು ಹೆಸರಾದ ಅಲ್ಲಿಯ ಜರ್ಮನನ್ನು ಆಡಬಲ್ಲವರು ಈಗ ಬೆರಳೆಣಿಕೆಯ ವೃದ್ಧರು.

ಸರಕಾರ ಮುಚ್ಚಿದ್ದು ಶಾಲೆಗಳನ್ನು. ಮನೆಗಳನ್ನಲ್ಲ. ಶಾಲೆಯಲ್ಲಿ ಇಂಗ್ಲಿಷನ್ನಷ್ಟೇ ಕಲಿತ ಮಕ್ಕಳು ಬೆಳೆದು ತಂದೆತಾಯಿಗಳಾದರು. ಎರಡನೆಯ ಮಹಾಯುದ್ಧ ಬಂದಾಗ ಮತ್ತೆ ಅವಮಾನಕ್ಕೆ ಅಂಜಿದರು. ತಮ್ಮ ಮಕ್ಕಳಾದರೂ ಸುಖವಾಗಿರಲೆಂದು ಮನೆಯಲ್ಲೂ ಇಂಗ್ಲಿಷನ್ನೇ ಆಡಿದರು. ತಾನುಂಡಾದ ಲಾಂಗ್‌ಮೈಲ್ ಚರ್ಚಿನ ಸ್ಮಶಾನದಲ್ಲಿ ಸಮಾಧಿಗಳ ಮೇಲೆ ಜರ್ಮನ್ ಅಕ್ಷರಗಳಿವೆ. ಅಲ್ಲಿ ಹೂವಿಡಲು ಬಂದಿದ್ದ ಒಬ್ಬ ಮುದುಕಿಯೊಡನೆ ನಮ್ಮ ಮಗಳು ಮಾತಾಡಿದಳು. ಅದು ಆಕೆಯ ಮುತ್ತಜ್ಜನ ಕಲ್ಲು. ಏನು ಬರೆದಿದೆ ಎಂದು ಕೇಳಿದರೆ ಆಕೆ ನಕ್ಕು, ತನಗೆ ಓದಲು ಬರುವುದಿಲ್ಲ ಎಂದಳು.

ನಮ್ಮ ಪೀಪಾಯಿ

ಕಾರಿನಲ್ಲಿ ಹಿಂದಿರುಗುವಾಗ ನಾವು ಮೌನವಾಗಿದ್ದೆವು. ನಮ್ಮ ಪಕ್ಕದಲ್ಲಿ ಹನ್ನೊಂದು ವರ್ಷದ ಮೊಮ್ಮಗ ಕುಳಿತಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತದೆ; ಓದಲು ಬಾರದು. ನಾಳೆ ನಮ್ಮ ಕೈಬರಹದ ದಿನಚರಿಗಳ ಮುಂದೆ ಅವನೂ ಆ ಮುದುಕಿಯಂತೆಯೇ ನಿಲ್ಲುವನು.

ಇದಕ್ಕೆ ಯಾವ ಸರಕಾರವನ್ನು ದೂರೋಣ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾವು ಒಂದನೆಯ ತರಗತಿಯಲ್ಲಿದ್ದೆವು. ಹಿರಿಯರು ಮನೆಯ ಜಗಲಿಯಲ್ಲಿ ದುಃಖದಿಂದ ಮಾತಾಡಿಕೊಂಡದ್ದು ನೆನಪಿದೆ. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ನಮ್ಮ ಪಾಲಿಗೆ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು. ಫಲಕಗಳಲ್ಲಿ ಮಂಜೇಶ್ವರವು ಮಂಜೇಶ್ವರಂ ಆದಾಗ ನಾವು ಮನವಿ ಬರೆದೆವು. ಇವೆಲ್ಲವೂ ನಿಜವಾದ ನೋವುಗಳೇ. ಆದರೆ ನಮ್ಮ ಕನ್ನಡ ಶಾಲೆಗಳಿಗೆ 1917ರಂತೆ ಯಾರೂ ಬೀಗ ಹಾಕಿಸಲಿಲ್ಲ. ನಾವು ದುಡಿದ ಶಾಲೆಯಲ್ಲಿ ಒಂದು ಕಾಲಕ್ಕೆ ತರಗತಿಗೆ ಎರಡು ವಿಭಾಗಗಳಿದ್ದವು. ನಿವೃತ್ತರಾಗುವ ವೇಳೆಗೆ ಒಂದೇ ವಿಭಾಗದ ಬೆಂಚುಗಳೂ ತುಂಬುತ್ತಿರಲಿಲ್ಲ. ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದೂ ಸ್ವಂತ ಮಗಳನ್ನು ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವರು ನಾವೇ. ಈ ಮಾತನ್ನು ಸಭೆಯಲ್ಲಿ ಇದುವರೆಗೆ ಹೇಳಿರಲಿಲ್ಲ. ಬರೆದಾದರೂ ಒಪ್ಪಿಸಬೇಕೆಂದು ತೋರಿತು.

ವೈನಿಗೂ ಭಾಷೆಗೂ ಒಂದು ಮುಖ್ಯ ಭೇದವಿದೆ. ವೈನನ್ನು ಮುಚ್ಚಿಟ್ಟಷ್ಟೂ ಅದು ಪಕ್ವವಾಗುತ್ತದೆ. ಭಾಷೆಯನ್ನು ಮುಚ್ಚಿಟ್ಟರೆ ಎಲ್ಲವೂ ದೇವದೂತರ ಪಾಲಾಗುತ್ತದೆ. ಅದನ್ನು ದಿನವೂ ತೆರೆದು ಮಕ್ಕಳಿಗೆ ಬಡಿಸುತ್ತಿರಬೇಕು. ವರ್ಷಕ್ಕೊಮ್ಮೆ ಸಮ್ಮೇಳನದ ಪೆಂಡಾಲಿನಲ್ಲಿ ತೆರೆದರೆ ಸಾಲದು.

ಆದ್ದರಿಂದ ಸಂಘದ ಕುಟುಂಬಗಳಲ್ಲಿ ನಮ್ಮದೊಂದು ಚಿಕ್ಕ ವಿನಂತಿ. ಪ್ರತಿ ವರ್ಷದ ಸಮ್ಮೇಳನದಲ್ಲಿ ಒಬ್ಬ ಹಿರಿಯರು ತಮ್ಮ ಊರಿನ, ಮನೆತನದ ಕಥೆಯನ್ನು ಕೈಯಾರೆ ಬರೆದು ಸಂಘಕ್ಕೆ ಒಪ್ಪಿಸಲಿ. ಅದನ್ನು ಕಪಾಟಿನಲ್ಲಿಡುವ ಮೊದಲು ವೇದಿಕೆಯ ಮೇಲೆ ಗಟ್ಟಿಯಾಗಿ ಓದಬೇಕಾದವರು ಆ ಮನೆಯ ಮೊಮ್ಮಕ್ಕಳು. ಓದಲು ಬಾರದಿದ್ದರೆ ಅದಕ್ಕಾಗಿಯೇ ಕಲಿಯಲಿ. ಕಲಿಸಲು ನಾವು ಬದುಕಿರುವವರೆಗೆ ಸಿದ್ಧರು. ನಮ್ಮ ಮೊಮ್ಮಗನಿಂದಲೇ ಆರಂಭಿಸಿದ್ದೇವೆ. ಪ್ರತಿ ಶನಿವಾರ ಫೋನಿನಲ್ಲಿ ಅರ್ಧ ಗಂಟೆ. ಆಗ ಅವನು ಅ, ಆ ಎಂದು ತೊದಲುತ್ತಿದ್ದ. ಈಗ ಒತ್ತಕ್ಷರದಲ್ಲಿ ಎಡವುತ್ತ ಮುಂದೆ ಹೋಗುತ್ತಿದ್ದಾನೆ.

ಸೆಪೆಲ್ಟ್ಸ್‌ಫೀಲ್ಡಿನ ಉಗ್ರಾಣದಲ್ಲಿ 1956ರ ಪೀಪಾಯಿಯೂ ಇದೆ. ಅದನ್ನು ತೆರೆಯುವುದು 2056ರಲ್ಲಿ. ಆಗ ನಾವಿರುವುದಿಲ್ಲ, ಇದನ್ನು ಓದುತ್ತಿರುವ ನಮ್ಮ ಸರೀಕರೂ ಇರುವುದಿಲ್ಲ. ಆ ವರ್ಷ ಕಾಸರಗೋಡಿನ ಯಾವುದಾದರೊಂದು ಮನೆಯಲ್ಲಿ ಒಂದು ಮಗು ಈ ಸಂಚಿಕೆಯನ್ನು ಕೈಗೆತ್ತಿಕೊಂಡು, ಯಾರ ಸಹಾಯವೂ ಇಲ್ಲದೆ ಈ ಸಾಲನ್ನು ಓದಿದರೆ ನಾವು ಮುಚ್ಚಿಟ್ಟದ್ದು ಹಾಳಾಗಲಿಲ್ಲವೆಂದು ತಿಳಿಯಬಹುದು.